ಮೂಗ ಜನರೇಟರಿನ ಮೂಗು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಹಿತ್ತಿಲಲ್ಲಿ, ಕಂಪ್ರೆಸರ್ ಮನೆಯ ಪಡುವಣ ಗೋಡೆಗೆ ಒತ್ತಿ, ನಾನು ಆ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿದ್ದು ಜನವರಿಯ ಒಂದು ಮುಂಜಾನೆ. ತಿಜೋರಿಯಷ್ಟು ಎತ್ತರ, ಎರಡು ತಿಜೋರಿಯಷ್ಟು ಅಗಲ. ಒಳಗಿರುವುದು ಫ್ಯುಯೆಲ್ ಸೆಲ್. ಮೆಥನಾಲ್ ಮತ್ತು ನೀರು ಕೂಡಿಸಿದ ಇಂಧನವನ್ನು ಅದು ಒಂದು ಕಡೆಯಿಂದ ಕುಡಿಯುತ್ತದೆ, ಕಾಯಿಸಿ ಹೈಡ್ರೋಜನ್ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ನಡುವೆ ಜೋಳದ ರೊಟ್ಟಿ ಒಟ್ಟಿದ ಹಾಗೆ ಸಾಲು ಸಾಲು ತೆಳು ಹಾಳೆಗಳು. ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಕರೆಂಟು ಹುಟ್ಟುವುದು ಅಲ್ಲಿ. ಹೊಗೆಯಿಲ್ಲ, ಅಬ್ಬರವಿಲ್ಲ. ಫ್ಯಾನಿನ ಸಣ್ಣ ಗುಂಯ್ ದನಿ, ಕೆಳಗಿನ ನಳಿಕೆಯಿಂದ ಒಂದೊಂದೇ ಹನಿ ಬಿಸಿನೀರು, ಅಷ್ಟೇ. ಡೀಸೆಲ್ ಜನರೇಟರಿನ ಗದ್ದಲಕ್ಕೆ ಒಗ್ಗಿದ ಹಮಾಲರು ಎರಡೇ ದಿನದಲ್ಲಿ ಅದಕ್ಕೆ ಹೆಸರಿಟ್ಟರು: ಮೂಗ ಜನರೇಟರು.

ಯಂತ್ರ ಪುಣೆ ಕಡೆಯ ಕಂಪನಿಯದು. ಜಾಗ ಹುಡುಕಿ ಕೂರಿಸುವ, ನೋಡಿಕೊಳ್ಳುವ ಕೆಲಸ ನನ್ನದು. ರಾಣೇಬೆನ್ನೂರಿನಲ್ಲಿ ನನ್ನದು ಬ್ಯಾಟರಿ, ಇನ್ವರ್ಟರ್ ಅಂಗಡಿ. ಕರಾರು ಸರಳ: ತೊಂಬತ್ತು ದಿನದ ಟ್ರಯಲ್. ಸ್ಟ್ಯಾಕಿನ ವೋಲ್ಟೇಜು ಕಂಪನಿ ಎಳೆದ ಗೆರೆಯ ಕೆಳಗೆ ಇಳಿಯಬಾರದು, ಒಂದು ಯೂನಿಟ್ಟಿಗೆ ಹೇಳಿದಷ್ಟೇ ಇಂಧನ ಹಿಡಿಯಬೇಕು, ಕೊನೆಗೆ ಸ್ಟೋರೇಜಿನ ಮಾಲೀಕರು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಮೂರೂ ಆದರೆ ಇಡೀ ಹಾವೇರಿ ಜಿಲ್ಲೆಯ ಏಜೆನ್ಸಿ ನನಗೆ. ಒಂದು ತಪ್ಪಿದರೂ ಅದನ್ನು ಎಗರಿಸಲು ಹಾವೇರಿಯ ಡೀಸೆಲ್ ಜನರೇಟರ್ ಡೀಲರ್ ಒಬ್ಬ ಹದ್ದಿನ ಹಾಗೆ ಕಾಯುತ್ತ ಕೂತಿದ್ದ. ಮೊಬೈಲ್ ಟವರಿನವರು, ಬೀಜದ ಕಂಪನಿಗಳು, ಬ್ಯಾಂಕಿನವರು ಎಲ್ಲರೂ ಇಂದಲ್ಲ ನಾಳೆ ಈ ಪೆಟ್ಟಿಗೆಗೆ ಬರುವವರೇ ಎಂದು ನಾನು ಆಗಲೇ ಲೆಕ್ಕ ಹಾಕಿದ್ದೆ.

ಮಾಲೀಕರಿಗೆ ಇದರ ಅಗತ್ಯ ಖರೇ ಇತ್ತು. ಕರೆಂಟು ಹೋದರೂ ಮೆಣಸಿನಕಾಯಿ ಚೀಲ ತುಂಬಿದ ಕೋಣೆಗಳು ತಾಸುಗಟ್ಟಲೆ ತಂಪು ಹಿಡಿದಿರುತ್ತವೆ, ಕಂಪ್ರೆಸರ್ ನಿಂತರೆ ನಡೆಯುತ್ತದೆ. ಆದರೆ ಕಂಟ್ರೋಲ್ ಪ್ಯಾನೆಲ್, ಉಷ್ಣತೆ ಬರೆಯುವ ಯಂತ್ರ, ಕಂಪ್ಯೂಟರ್, ತೂಕದ ಕಾಟಾ, ಕ್ಯಾಮೆರಾ ಇವು ನಿಲ್ಲುವಂತಿಲ್ಲ. ಇಷ್ಟಕ್ಕಾಗಿ ಆನೆಯಂಥ ಡೀಸೆಲ್ ಜನರೇಟರ್ ಓಡಿಸುವುದೆಂದರೆ ಗುಡ್ಡ ಅಗೆದು ಇಲಿ ಹಿಡಿದಂತೆ. ಟ್ರಯಲ್ ಆದ್ದರಿಂದ ಲೈನಿನಲ್ಲಿ ಕರೆಂಟು ಇರಲಿ ಬಿಡಲಿ, ಮುಂಜಾನೆ ಒಂಬತ್ತರಿಂದ ಸಂಜೆ ಆರರವರೆಗೆ ಈ ಲೋಡನ್ನು ಮೂಗನೇ ಹೊರಬೇಕೆಂದು ಗೊತ್ತಾಯಿತು.

ಪಡುವಣ ಗೋಡೆಯನ್ನು ಆರಿಸಿದ್ದು ನಾನು. ನೆರಳಿತ್ತು, ಪ್ಯಾನೆಲ್ ಹತ್ತಿರವಿತ್ತು, ಕೇಬಲ್ ಉಳಿಯಿತು. ಕಂಪನಿಯ ಫಾರ್ಮಿನಲ್ಲಿ ‘ಸುತ್ತಲಿನ ಗಾಳಿ ಶುದ್ಧವಾಗಿದೆಯೇ?’ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಕಂಪನಿಯ ಎಂಜಿನಿಯರ್ ಮೈಸೂರು ಕಡೆಯ ಹೆಣ್ಣುಮಗಳು. ಫಾರ್ಮು ಮುಟ್ಟಿದ ದಿನವೇ ಫೋನು ಮಾಡಿದರು.

“ಸರ್, ಮೆಣಸಿನಕಾಯಿ ಗೋಡೌನ್ ಅಂತೀರ, ಗಾಳಿ ಶುದ್ಧ ಅಂತ ಬರೆದಿದ್ದೀರ?”

“ಧೂಳಿಗೆ ಎರಡು ಫಿಲ್ಟರ್ ಹಾಕೇನ್ರಿ ಮೇಡಂ.”

“ಘಾಟು?”

“ಬ್ಯಾಡಗಿಯೊಳಗ ಘಾಟು ಐತೇನು ಅಂತ ಕೇಳೂದು, ಸಮುದ್ರದಾಗ ಉಪ್ಪು ಐತೇನು ಅಂತ ಕೇಳಿದಂಗ್ರಿ!”

ಅವರೂ ನಕ್ಕರು, ನಾನೂ ನಕ್ಕೆ. ನನ್ನ ಮಾತು ಕೇಳಿ: ಪ್ರಶ್ನೆ ಕೇಳಿದವರು ನಕ್ಕು ಸುಮ್ಮನಾದರೆ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದೇ ತಿಳಿಯಿರಿ.

ಯಂತ್ರಕ್ಕೆ ಇಂಧನ ತುಂಬುವ, ತಾಸಿಗೊಮ್ಮೆ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಕಂಪ್ರೆಸರ್ ಆಪರೇಟರನಿಗೆ ಒಪ್ಪಿಸಿದೆವು. ಐವತ್ತು ದಾಟಿದ ಮನುಷ್ಯ. ಎಲ್ಲರಿಗೂ ಚಾಚಾ. ಬಿಳಿ ಟೋಪಿ, ಎಣ್ಣೆ ಕುಡಿದ ನೀಲಿ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಡೀಸೆಲ್ ಕೈಯಲ್ಲಿರುವವರ ಮೇಲೆ ಇನ್ನೂ ಹೆಚ್ಚು. ಎರಡೂ ಒಂದೇ ಮನುಷ್ಯನಲ್ಲಿ ಕೂಡಿದ್ದವು. ಬ್ಯಾರೆಲ್ಲಿಗೆ ಬೀಗ ಹಾಕಿ ಒಂದು ಕೀಲಿಯನ್ನು ನಾನೇ ಇಟ್ಟುಕೊಂಡೆ. ಅಳತೆ ಕೋಲಿನ ಮೇಲೆ ನನಗಷ್ಟೇ ಗೊತ್ತಾಗುವ ಗೀರು ಎಳೆದೆ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಆದ್ದರಿಂದ ಬ್ಯಾರೆಲ್ಲಿನ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆಸಿದೆ. ಚಾಚಾ ತಾವಾಗಿಯೇ ಅದರ ಕೆಳಗೆ ಉರ್ದುವಿನಲ್ಲಿಯೂ ಬರೆದರು. ಇಷ್ಟು ಉಮೇದು ಯಾಕೆ ಎಂದು ಆಗಲೂ ಒಮ್ಮೆ ಅವರ ಮುಖ ನೋಡಿದೆ.

ಮೊದಲ ಎರಡು ವಾರ ವೋಲ್ಟೇಜಿನ ಗೆರೆ ಮೊಬೈಲಿನಲ್ಲಿ ಹಗ್ಗ ಕಟ್ಟಿದ ಹಾಗೆ ನೇರವಾಗಿತ್ತು. ಸೀಸನ್ ಏರಿ, ಲಾರಿಗಟ್ಟಲೆ ಕಾಯಿ ಬಂದು ಕೋಣೆಗಳು ತುಂಬತೊಡಗಿದ ಮೇಲೆ ಗೆರೆ ಬಾಗಿತು. ಮುಂಜಾನೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನದ ಮೇಲೆ ಜಾರುತ್ತಿತ್ತು. ಮರುದಿನ ಮುಂಜಾನೆ ಮತ್ತೆ ಏರುತ್ತಿತ್ತು, ಆದರೆ ಹಿಂದಿನ ದಿನದಷ್ಟಲ್ಲ. ಅದರ ಜೊತೆಗೇ ಇಂಧನ ಬೇಗ ಖಾಲಿಯಾಗತೊಡಗಿತು. ವಾರಕ್ಕೆ ಬರಬೇಕಾದ ಬ್ಯಾರೆಲ್ ಐದೇ ದಿನಕ್ಕೆ ತಳ ಕಂಡಿತು.

ಕಳವು ಎಂದು ನಾನು ಅಂದೇ ತೀರ್ಮಾನಿಸಿದೆ. ಇಂಧನ ತೆಗೆದು ಅಷ್ಟೇ ನೀರು ಹಾಕಿಟ್ಟರೆ ವೋಲ್ಟೇಜೂ ಬೀಳುತ್ತದೆ, ಇಂಧನವೂ ಹೆಚ್ಚು ಹಿಡಿಯುತ್ತದೆ, ಎರಡಕ್ಕೂ ಒಂದೇ ಕಾರಣ. ಬ್ಯಾಟರಿ ಆ್ಯಸಿಡ್ ನೋಡುವ ಗಾಜಿನ ಮಾಪಕದಂಥದ್ದೇ ಇನ್ನೊಂದನ್ನು ಹುಬ್ಬಳ್ಳಿಯಿಂದ ತರಿಸಿ, ಬ್ಯಾರೆಲ್ಲಿನ ಇಂಧನವನ್ನೂ ಯಂತ್ರದ ಟ್ಯಾಂಕಿನದನ್ನೂ ಅಳೆದೆ. ಎರಡೂ ಕಂಪನಿ ಹೇಳಿದ ಅಂಕಿಯಲ್ಲೇ ನಿಂತವು. ನೀರು ಬೆರೆತಿರಲಿಲ್ಲ. ಸಮಾಧಾನ ಆಗಬೇಕಿತ್ತು, ಅನುಮಾನ ಬೆಳೆಯಿತು. ನೀರು ಹಾಕದೆ ಕದಿಯುವವನು ಜಾಣ ಎಂದುಕೊಂಡೆ.

ಆಮೇಲೆ ಮೊಬೈಲಿನ ಗೆರೆಗಳನ್ನು ವಾರ ವಾರ ಬಿಡಿಸಿ ಕಾಗದದ ಮೇಲೆ ಬರೆದು ನೋಡಿದೆ. ಆಗ ಸಿಕ್ಕಿತು ನೋಡಿ. ಉಳಿದೆಲ್ಲ ದಿನ ಗೆರೆ ಹನ್ನೆರಡೂವರೆಗೆ ಇಳಿಯುತ್ತಿತ್ತು. ಶುಕ್ರವಾರ ಮಾತ್ರ ಎರಡೂವರೆಗೆ. ಶುಕ್ರವಾರ ಆ ಎರಡು ತಾಸು ಚಾಚಾ ಎಲ್ಲಿರುತ್ತಾರೆ? ಮಸೀದಿಯಲ್ಲಿ. ಅವರು ಇಲ್ಲದಾಗ ಗೆರೆ ನೆಟ್ಟಗೆ, ಅವರು ಬಂದೊಡನೆ ಗೆರೆ ಸೊಟ್ಟಗೆ. ನಾಲ್ಕು ಶುಕ್ರವಾರ ನಾಲ್ಕೂ ಹಾಗೆಯೇ. ಇಷ್ಟು ಸ್ಪಷ್ಟ ಸಾಕ್ಷಿ ಕೋರ್ಟಿನಲ್ಲಿಯೂ ಸಿಗುವುದಿಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಮುಂಜಾನೆ ಹತ್ತಕ್ಕೆ ಬ್ಯಾಡಗಿಗೆ ಹೋದೆ. ನಾನು ಯಾವಾಗ ಹೋದರೂ ಹತ್ತಕ್ಕೇ, ತಿರುಗಿ ಬರುವುದು ಹನ್ನೆರಡರ ಒಳಗೇ. ಊಟಕ್ಕೆ ರಾಣೇಬೆನ್ನೂರು ಮುಟ್ಟಬೇಕು. ಚಾಚಾ ಕಂಪ್ರೆಸರಿಗೆ ಎಣ್ಣೆ ಹಾಕುತ್ತಿದ್ದರು. ಕಣ್ಣು ಕೆಂಪಗಿದ್ದವು. ಕೆಂಪು ಕಣ್ಣು ಕಂಡೊಡನೆ ನನ್ನ ತಲೆಯಲ್ಲಿ ಇನ್ನೊಂದು ಗಂಟೆ ಬಾರಿಸಿತು. ಇವರು ಮಾರುತ್ತಿಲ್ಲ, ಕುಡಿಯುತ್ತಿದ್ದಾರೆ! ಏನೋ ಗುಟ್ಟು ಹೇಳುವವನಂತೆ ಅವರ ಮುಖದ ಹತ್ತಿರಕ್ಕೆ ಬಾಗಿ, “ಚಾಚಾ, ಇಂಧನ ಯಾಕೋ ಲಗೂ ಮುಗ್ಯಾಕತ್ತೇತೆಲ್ಲ?” ಎಂದೆ, ಅವರು ಉತ್ತರಿಸುವಾಗ ಉಸಿರು ಮೂಸಿದೆ. ಎಲೆ ಅಡಿಕೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮಾಡಿದ್ದು ಅವರಿಗೆ ಗೊತ್ತಾಗಿತ್ತು. “ಬುಕ್ಕಿನ್ಯಾಗ ಎಲ್ಲಾ ಬರದೇನ್ರಿ,” ಎಂದರು. “ಓದ್ರಿ.”

ಪುಸ್ತಕ ತೆರೆದೆ. ಹಾಳೆಗಳನ್ನು ಮುತ್ತು ಪೋಣಿಸಿದ ಹಾಗೆ ತುಂಬಿದ್ದರು: ತಾಸು, ವೋಲ್ಟೇಜು, ಇಂಧನದ ಮಟ್ಟ. ಕೊನೆಯ ಕಾಲಮ್ಮು ಷರಾ. ಅದರಲ್ಲಿ ದಿನಾ ಮಧ್ಯಾಹ್ನದ ಸಾಲಿಗೆ ಎರಡೇ ಶಬ್ದ: ‘ಘಾಟು ಐತಿ’. ಹಾಳೆ ತಿರುವಿದೆ, ‘ಘಾಟು ಐತಿ’. ಇನ್ನೊಂದು ತಿರುವಿದೆ, ಅದೇ. ಬ್ಯಾಡಗಿಯಲ್ಲಿ ಕೂತು ಘಾಟು ಐತಿ ಎಂದು ಬರೆಯುವ ಮನುಷ್ಯ ಕಾಲಮ್ಮು ತುಂಬಿಸಲು ಬರೆಯುತ್ತಿದ್ದಾನೆ ಎಂದುಕೊಂಡು ಪುಸ್ತಕ ಮುಚ್ಚಿದೆ.

ನೇರ ಮಾಲೀಕರ ಆಫೀಸಿಗೆ ಹೋದೆ. ಗೆರೆ ಬರೆದ ಕಾಗದ ಹರಡಿ, ಶುಕ್ರವಾರದ ಮಾತು ಹೇಳಿದೆ. ಅವರು ಕಾಗದ ನೋಡಲಿಲ್ಲ, ನನ್ನನ್ನು ನೋಡಿದರು.

“ಹದಿನೆಂಟ ವರ್ಷ ಆತು ಅಂವ ನಮ್ಮಲ್ಲಿ ಇದ್ದು.”

“ಹದಿನೆಂಟ ವರ್ಷ ಡೀಸೆಲ್ಲಿನ ಸಂಗಾಟ ಇದ್ದಾನ್ರಿ ಸಾವ್ಕಾರ.”

“ಸೀಸನ್ನಿನ್ಯಾಗ ಆಪರೇಟರ್ ಬದಲಿ ಮಾಡೂದು ಹಗರ ಮಾತಲ್ಲ. ಮುಂದಿನ ಸೋಮವಾರ ತನಕ ತಡೀರಿ. ನಿಮ್ಮ ಕಂಪನಿ ಮಂದಿ ಬಂದು ಇದs ಮಾತು ಹೇಳಿದ್ರ ಮನೀಗೆ ಕಳಸ್ತೇನಿ.”

ಹೀಗೆ ಒಬ್ಬ ಮನುಷ್ಯನ ಹದಿನೆಂಟು ವರ್ಷದ ಕೆಲಸವನ್ನು ನಾನು ಒಂದು ಕಾಗದದ ತುಂಡಿನ ಮೇಲೆ ಇಟ್ಟು ಬಂದೆ. ಬರುವ ದಾರಿಯಲ್ಲಿ ನನಗೆ ಏನೂ ಅನಿಸಲಿಲ್ಲ ಎಂಬುದನ್ನೂ ಬರೆಯಬೇಕು.

ಅಷ್ಟರಲ್ಲಿ ಮೇಡಂ ಫೋನು ಮಾಡಿ ತಾವೇ ಬರುವುದಾಗಿ ಹೇಳಿದರು. ದನಿ ಬದಲಾಗಿತ್ತು. ವೋಲ್ಟೇಜು ಕರಾರಿನ ಗೆರೆಯಿಂದ ಕೂದಲೆಳೆಯಷ್ಟು ಮೇಲೆ ಉಳಿದಿತ್ತು. ಹಾವೇರಿ ಸ್ಟೇಷನ್ನಿನಿಂದ ಕಾರಿನಲ್ಲಿ ಕರೆದುಕೊಂಡು ಬರುವಾಗ ಇಬ್ಬರೂ ಒಬ್ಬರನ್ನೊಬ್ಬರು ತೂಗಿ ನೋಡುತ್ತಿದ್ದೆವು. ಹಳೆಯ ಸ್ಟ್ಯಾಕಿಗೆ ಹೊಸ ಪೆಟ್ಟಿಗೆ ತೊಡಿಸಿ ಕಳಿಸಿದ್ದಾರೋ ಎಂಬ ಅನುಮಾನ ನನಗೆ. ಅವರ ಅನುಮಾನ ಮೋಟೆಬೆನ್ನೂರಿನ ಹತ್ತಿರ ಚಹಾ ಕುಡಿಯಲು ನಿಂತಾಗ ಹೊರಬಿತ್ತು.

“ಸರ್, ತಪ್ಪು ತಿಳ್ಕೋಬೇಡಿ. ಇಂಧನ ನಾವು ಕಳಿಸಿದ್ದೇ ಹಾಕ್ತಿದ್ದೀರಾ? ಲೋಕಲ್ಲಾಗಿ ಕಡಿಮೆ ರೇಟಿಗೆ ಸಿಗತ್ತೆ ಅಂತ ಏನಾದ್ರೂ…”

“ಮೇಡಂ, ನಾ ರೇಟ್ ಕಡಿಮಿ ಮಾಡಸ್ತೇನಿ. ಮಾಲು ಕಡಿಮಿ ಮಾಡೂದಿಲ್ಲ.”

ಗಾಜಿನ ಮಾಪಕದ ಅಂಕಿಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಬಶಿಯನ್ನು ಬದಿಗಿಟ್ಟು, ಲ್ಯಾಪ್‌ಟಾಪ್ ತೆಗೆದರು. ಸ್ಟ್ಯಾಕಿನ ಒಂದೊಂದು ಹಾಳೆಯ ವೋಲ್ಟೇಜೂ ಬೇರೆ ಬೇರೆ ಗೆರೆಯಾಗಿ ಅದರಲ್ಲಿತ್ತು.

“ಒಂದು ಹಾಳೆ ಕೆಟ್ಟಿದ್ರೆ ಒಂದೇ ಗೆರೆ ಬೀಳತ್ತೆ. ಇಲ್ಲಿ ಎಲ್ಲವೂ ಒಟ್ಟಿಗೆ ಬೀಳ್ತಿವೆ. ಇಂಧನ ಕೆಟ್ಟಿದ್ರೆ ಕಾಯಿಸೋ ಭಾಗದ ಉಷ್ಣತೆ ಏರುಪೇರು ಆಗ್ಬೇಕಿತ್ತು, ಆಗಿಲ್ಲ. ಹಾಗಾದ್ರೆ ಉಳಿಯೋದು ಗಾಳಿ.”

“ಮತ್ತ ಇಂಧನ ಹೆಚ್ಚಿಗಿ ಮುಗ್ಯಾಕತ್ತೇತೆಲ್ರಿ? ಅದು ಕಳವು ಅಲ್ಲೇನು?”

“ವೋಲ್ಟೇಜ್ ಬಿದ್ರೆ ಅದೇ ಲೋಡ್ ಹೊರೋಕೆ ಯಂತ್ರ ಹೆಚ್ಚು ಹೈಡ್ರೋಜನ್ ತಿನ್ನತ್ತೆ ಸರ್. ನಿಮ್ಮ ಇಂಧನ ಯಾರೂ ಕದ್ದಿಲ್ಲ. ಯಂತ್ರವೇ ಕುಡಿದಿದೆ.”

ಆದರೂ ಶುಕ್ರವಾರದ ಕಾಗದ ನನ್ನ ಜೇಬಿನಲ್ಲಿತ್ತು. ಗಾಳಿಗೆ ಶುಕ್ರವಾರ ಯಾವುದೆಂದು ಗೊತ್ತಿರುತ್ತದೆಯೇ ಎಂದುಕೊಂಡು ನಾನು ಅದನ್ನು ಬಿಟ್ಟುಕೊಡಲಿಲ್ಲ.

ಸ್ಟೋರೇಜಿಗೆ ಮುಟ್ಟಿದಾಗ ಹನ್ನೊಂದು. ಮೇಡಂ ಫಿಲ್ಟರ್ ಬಿಚ್ಚಿ ನೋಡಿದರು; ಕೆಂಪು ಧೂಳು ಹಿಡಿದಿತ್ತು, ಆದರೆ ಕಟ್ಟಿಕೊಂಡಿರಲಿಲ್ಲ. ಹನ್ನೆರಡಾಯಿತು. ನಾನು ಕಾರಿನ ಕೀಲಿ ತೆಗೆದೆ. ಅವರು ಏಳಲಿಲ್ಲ.

“ನೀವು ಊಟಕ್ಕೆ ಹೋಗಿ ಬನ್ನಿ. ಬೀಳೋದು ಮಧ್ಯಾಹ್ನ ಅಲ್ವಾ? ನಾನು ಇಲ್ಲೇ ಇರ್ತೀನಿ.”

ಹೆಣ್ಣುಮಗಳು ಉಪವಾಸ ಕೂತಾಗ ನಾನು ಊಟಕ್ಕೆ ಹೋಗುವುದು ಹೇಗೆ? ಕೂತೆ. ಇಷ್ಟು ದಿನದಲ್ಲಿ ಮಧ್ಯಾಹ್ನದ ಹೊತ್ತು ಆ ಯಂತ್ರದ ಪಕ್ಕ ನಾನು ಕೂತದ್ದು ಅದೇ ಮೊದಲು.

ಅಲ್ಲಿಂದ ಹತ್ತು ಮಾರು ದೂರದಲ್ಲಿ ಒಂದು ತಗಡಿನ ಚಪ್ಪರ. ಅದರ ಕೆಳಗೆ ಹದಿನೈದು ಹೆಣ್ಣುಮಕ್ಕಳು ಮೆಣಸಿನಕಾಯಿಯ ರಾಶಿ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಹಿಂದೆ ಎತ್ತರದ ಕಾಂಪೌಂಡು, ಒಂದು ಬದಿಗೆ ಗೋದಾಮಿನ ಗೋಡೆ. ಹೊರಗೆ ಹೋಗಲು ಇರುವುದು ಒಂದೇ ದಾರಿ, ಅದು ಕಂಪ್ರೆಸರ್ ಮನೆಯ ಬಾಗಿಲ ಮುಂದೆಯೇ ಹಾಯುತ್ತದೆ.

ಹನ್ನೆರಡೂವರೆಗೆ ಚಾಚಾ ಬಂದರು. ಮುಂಜಾನೆಯಿಂದ ಓಡುತ್ತಿದ್ದ ಒಂದನೇ ಕಂಪ್ರೆಸರ್ ನಿಲ್ಲಿಸಿ ಎರಡನೆಯದನ್ನು ಚಾಲೂ ಮಾಡಿದರು. ಒಂದಕ್ಕೆ ವಿಶ್ರಾಂತಿ, ಒಂದಕ್ಕೆ ಕೆಲಸ, ದಿನದ ಪಾಳಿ. ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಶುಕ್ರವಾರ ನಮಾಜಿಗೆ ಹೋಗುವ ಮನುಷ್ಯ ಈ ಪಾಳಿ ಬದಲಿಸುವುದು ತಿರುಗಿ ಬಂದ ಮೇಲೆ, ಎರಡೂವರೆಗೆ! ಜೇಬಿನಲ್ಲಿದ್ದ ಕಾಗದ ಒಮ್ಮೆಲೇ ಭಾರವಾಯಿತು.

ಹದಿನೈದು ನಿಮಿಷ ಕಳೆಯುವುದರಲ್ಲಿ ಮೂಡಗಾಳಿಯ ಜೊತೆಗೆ ಏನೋ ಬಂದು ಕಣ್ಣಿಗೆ ಚುಚ್ಚಿತು. ಮೇಡಂ ಕರವಸ್ತ್ರ ಮೂಗಿಗೆ ಹಿಡಿದರು. ಮಾಲೀಕರು ಅದೇ ಹೊತ್ತಿಗೆ ಆಫೀಸಿನಿಂದ ನಮ್ಮನ್ನು ಊಟಕ್ಕೆ ಕರೆಯಲು ಬಂದಿದ್ದರು.

“ಏನು ಘಾಟು ಸರ್ ಇದು!” ಎಂದರು ಮೇಡಂ.

ಮಾಲೀಕರು ನಕ್ಕರು. “ಮೆಣಸಿನಕಾಯಿ ಗೋದಾಮಿನ್ಯಾಗ ಘಾಟು ಬರದ ಮಲ್ಲಿಗಿ ವಾಸನಿ ಬರ್ತೈತೇನ್ರಿ? ಇವತ್ತು ಗುಂಟೂರ ಕಾಯಿ ಇಳಿಸ್ಯಾರ, ಅದರ ಘಾಟು.”

ಚಪ್ಪರದ ಕೆಳಗಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ತಲೆ ಎತ್ತಿದಳು. ಕೈ ಮಾತ್ರ ತೊಟ್ಟು ಬಿಡಿಸುತ್ತಲೇ ಇತ್ತು.

“ಸಾವ್ಕಾರ, ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಘಾಟಿಲ್ಲ. ಗುಂಟೂರ ಕಾಯಿಗೆ ಘಾಟು ಐತಿ, ಖರೇ. ಆದ್ರ ಅದು ಗಂಟಲಿಗೆ ಬಡೀತೈತಿ, ಸೀನು ತರಸ್ತೈತಿ. ಇದು ಕಣ್ಣಿಗೆ ಬಡ್ಯಾಕತ್ತೇತಿ. ಇದು ಕಾಯಿ ಘಾಟಲ್ಲ. ಮುಚ್ಚಿಟ್ಟ ದನದ ಕೊಟ್ಟಗಿ ಬಾಗಲಾ ತಗದ್ರ ಉಚ್ಚಿ ನಾತ ಹೊಡೀತೈತಲ್ಲ, ಅದರಂಗ ಐತಿ.”

“ಯಕ್ಕಾ, ಇಷ್ಟು ದಿನ ಹೇಳಬಾರದಿತ್ತೇನು?” ಎಂದೆ.

“ಯಾರು ಕೇಳಿದ್ರೋ ತಮ್ಮಾ? ನೀ ಬರ್ತೀದಿ, ಪೆಟಗಿ ಮೈ ಸವರ್ತೀದಿ, ಹೋಗ್ತೀದಿ.”

ಮೇಡಂ ಎದ್ದು ನಿಂತಿದ್ದರು. ಮುಖದ ಬಣ್ಣ ಬದಲಾಗಿತ್ತು. “ಅಮೋನಿಯಾ,” ಎಂದರು. “ಕಂಪ್ರೆಸರ್‌ನಲ್ಲಿ ತಂಪಿಗೆ ಹಾಕಿರೋದು ಅಮೋನಿಯಾ ತಾನೆ? ನಮ್ಮ ಸ್ಟ್ಯಾಕಿನ ಹಾಳೆಗೆ ಅದು ಶತ್ರು ಸರ್. ಚೂರು ಸೇರಿದ್ರೂ ಕರೆಂಟ್ ಹಾಯೋ ದಾರಿ ಕಟ್ಟತ್ತೆ. ರಾತ್ರಿ ಒಳ್ಳೆ ಗಾಳಿ ಸಿಕ್ರೆ ಸ್ವಲ್ಪ ಬಿಡತ್ತೆ.” ಚೀಲ ತಡಕಿ ಕೇಳಿದರು: “ನೋಡೋಕೆ ಲಿಟ್ಮಸ್ ಕಾಗದ ತಂದಿಲ್ಲ. ಅರಿಶಿನ ಇದ್ಯಾ?”

ಪೂಜೆ ಮಾಡಿಸಲು ಹೊರಟರೇನೋ ಎಂದುಕೊಂಡೆ. ಆಫೀಸಿನ ದೇವರ ಗೂಡಿನಿಂದ ಅರಿಶಿನ ಬಂತು. ಅದನ್ನು ನೀರಿನಲ್ಲಿ ಕಲಸಿ ಬಿಳಿ ಬಟ್ಟೆಯ ತುಂಡೊಂದನ್ನು ಅದ್ದಿದರು, ಕೋಲಿನ ತುದಿಗೆ ಕಟ್ಟಿದರು. ಚಾಚಾ ಯಾರೂ ಹೇಳದೆಯೇ ಮುಖಕ್ಕೆ ಒದ್ದೆ ಟವೆಲ್ಲು ಕಟ್ಟಿಕೊಂಡು ಕೋಲು ತೆಗೆದುಕೊಂಡು ಒಳಗೆ ಹೋದರು. ನಾವು ಬಾಗಿಲಿನಿಂದ ದೂರ ನಿಂತೆವು. ಅವರು ಬಟ್ಟೆಯನ್ನು ಒಂದನೇ ಕಂಪ್ರೆಸರಿನ ಸುತ್ತ ಆಡಿಸಿದರು, ಹಳದಿ. ಎರಡನೆಯದರ ಶಾಫ್ಟು ಹೊರಬರುವ ಕಡೆ, ಗ್ಯಾಸು ಸೋರದಂತೆ ತಡೆಯುವ ಸೀಲಿನ ಹತ್ತಿರ ಹಿಡಿದರು. ನೋಡುನೋಡುತ್ತಿದ್ದಂತೆ ಬಟ್ಟೆಯ ಅಂಚು ಕೆಂಪಾಯಿತು, ಕೆಂಪು ಮೇಲೇರಿತು.

“ಅಯ್ಯ ನಮ್ಮವ್ವ!” ಎಂದಳು ಆ ಹಿರಿಯ ಹೆಣ್ಣುಮಗಳು. “ಸುಣ್ಣ ಹಾಕದ ಓಕುಳಿ ಆತಲ್ಲ!” ಆಮೇಲೆ ಯಂತ್ರದ ಕಡೆ ಗದ್ದ ತೋರಿಸಿ, “ಮೂಗ ಮೂಗ ಅಂತಿದ್ರಿ. ನಿಮ್ಮೆಲ್ಲಾರಕಿಂತ ಅದರ ಮೂಗs ಚೂಪ ಐತಿ ನೋಡ್ರಿ,” ಎಂದಳು.

ಮಾಲೀಕರು ನನ್ನ ತೋಳು ಹಿಡಿದು ಬದಿಗೆ ಕರೆದೊಯ್ದರು. ಅವರ ಕೈಯಲ್ಲಿ ಪ್ರಮಾಣಪತ್ರದ ಫಾರ್ಮು ಇತ್ತು. ಆಫೀಸಿನಿಂದ ಬರುವಾಗಲೇ ತಂದಿದ್ದರೋ, ನಡುವೆ ತರಿಸಿದರೋ ಇಂದಿಗೂ ಗೊತ್ತಿಲ್ಲ.

“ನೋಡ್ರಿ, ಕಾರಣ ಸಿಕ್ತಲ್ಲ. ಮಶಿನ್ ತಗದು ಆ ಕಡಿ ಗೇಟಿನ ಹತ್ರ ಇಡ್ರಿ, ಕೇಬಲ್ ನಾ ಕೊಡಸ್ತೇನಿ. ಉಳದ ದಿನ ಗೆರಿ ನೆಟ್ಟಗs ಇರ್ತೈತಿ. ಸಹಿ ಈಗs ಹಾಕ್ತೇನಿ. ಕಂಪ್ರೆಸರಿನ ಸೀಲ್ ಸೀಸನ್ ಮುಗದ ಮ್ಯಾಲ ಬದಲಿ ಮಾಡಸೂಣು. ಈಗ ಒಂದು ಕಂಪ್ರೆಸರ್ ನಿಲ್ಲಿಸಿದ್ರ ಹೊಸಾ ಮಾಲಿಗೆ ತಂಪು ಹಿಡಿಯೂದಿಲ್ಲ.”

ನಾನು ಸಂತ ಅಲ್ಲ. ಆ ಕಾಗದ ನೋಡಿದಾಗ ಜಿಲ್ಲೆಯ ಏಜೆನ್ಸಿ ಕಣ್ಣ ಮುಂದೆ ನಿಂತಿತು. ಮೇಡಂ ಕೂಡ ಯಂತ್ರ ಸರಿಸಬಹುದು ಎಂದೇ ಹೇಳುತ್ತಿದ್ದರು. ಆದರೆ ವ್ಯಾಪಾರದಲ್ಲಿ ನನ್ನದೊಂದು ರೂಢಿ ಇದೆ, ನೀವೂ ಇಟ್ಟುಕೊಳ್ಳಿ: ಎದುರಿನವನು ಕೇಳದೆಯೇ ಕೊಡಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ತೊಂಬತ್ತು ದಿನ ಆಗದೆ ಪೆನ್ನು ಮುಟ್ಟುವುದಿಲ್ಲ ಎಂದಿದ್ದ ಮನುಷ್ಯ ಅರ್ಧಕ್ಕೇ ಸಹಿಗೆ ನಿಂತಿದ್ದಾನೆ. ಏನು ಮುಚ್ಚುತ್ತಿದ್ದಾನೆ? ಚಾಚಾನನ್ನು ಕರೆದೆ.

“ಚಾಚಾ, ಸೀಲ್ ಹೋಗೇತಿ ಅಂತ ಯಾವಾಗ ಗೊತ್ತಾತು?”

ಅವರು ಮಾಲೀಕರ ಮುಖ ನೋಡಿದರು. ಮಾಲೀಕರು ನೆಲ ನೋಡುತ್ತಿದ್ದರು.

“ಸಂಕ್ರಾಂತಿ ಮುಗದ ಮ್ಯಾಲ ಹೇಳೇನ್ರಿ. ಮೊದಲ ಸ್ವಲ್ಪ ಇತ್ತು. ಹೊರಿ ಬಿದ್ದಂಗ ಹೆಚ್ಚಿಗಿ ಆತು. ಸೀಸನ್ ಮುಗೀಲಿ ಅಂದ್ರು. ಬಾಯಿಲೆ ಹೇಳಿದ್ದು ಮುಟ್ಟಲಿಲ್ಲ, ಅದಕ್ಕ ನಿಮ್ಮ ಬುಕ್ಕಿನ್ಯಾಗ ಬರದ್ನಿ. ಕಂಪನಿ ಮಂದಿ ಓದ್ತಾರ ಅಂದ್ರಲ್ಲ ನೀವು.”

ಆ ಎರಡು ಶಬ್ದ ಕಾಲಮ್ಮು ತುಂಬಿಸಲು ಬರೆದದ್ದಾಗಿರಲಿಲ್ಲ. ದಿನಾ ನನಗೇ ಬರೆದ ಅರ್ಜಿ ಅದು. ನಾನು ಹಾಳೆ ತಿರುವಿದ್ದೆ.

“ಮಶಿನ್ ಸರಸೂದಿಲ್ರಿ,” ಎಂದೆ ಮಾಲೀಕರಿಗೆ. “ಎರಡನೇ ಕಂಪ್ರೆಸರ್ ಬಂದ್ ಆಗೂ ತನಕ ಇಲ್ಲೇ ಇರ್ತೈತಿ.”

“ನಿಮ್ಮ ಟ್ರಯಲ್ಲs ಹಾಳಾಗ್ತೈತಿ.”

“ಆಗ್ಲಿ. ಮಶಿನ್ ತಗದ್ರ ನಾಳಿಂದ ಇಲ್ಲಿ ಘಾಟು ಐತಿ ಅಂತ ಹೇಳಾಕ ಯಾರೂ ಇರೂದಿಲ್ಲ. ಚಾಚಾ ಹೇಳಿದ್ರ ನೀವು ಕೇಳೂದಿಲ್ಲ. ನಾಳೆ ಆ ಸೀಲ್ ಪೂರಾ ಹಾರಿದ್ರ ಈ ಹೆಣ್ಮಕ್ಕಳು ಯಾವ ದಾರಿಲೆ ಓಡಬೇಕ್ರಿ?”

“ನನಗ ವ್ಯಾಪಾರ ಕಲಸಾಕ ಬಂದೀರೇನು?” ಎಂದು ಅವರು ಫಾರ್ಮು ಮಡಚಿ ಜೇಬಿಗೆ ಹಾಕಿಕೊಂಡರು.

ನನ್ನ ಮಾತಿನಿಂದಲೇ ಅವರು ಬಗ್ಗಿದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಬಗ್ಗಲಿಲ್ಲ. ನಾವು ದನಿ ಏರಿಸಿ ಆಡಿದ್ದು ಚಪ್ಪರಕ್ಕೆ ಪೂರಾ ಕೇಳಿಸಿತ್ತು. ಆ ಹಿರಿಯ ಹೆಣ್ಣುಮಗಳು ಮಡಿಲಿನ ತೊಟ್ಟು ಕೊಡವಿ ಎದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಎಲ್ಲರೂ. ಕೋಲಿನ ತುದಿಯ ಕೆಂಪು ಬಟ್ಟೆ ಗೋಡೆಗೆ ಒರಗಿತ್ತು.

“ಸಾವ್ಕಾರ, ಅದು ಬಂದ್ ಆದ ದಿನ ಹೇಳಿ ಕಳಸ್ರಿ. ಬರ್ತೇವಿ.”

ಸೀಸನ್ನಿನಲ್ಲಿ ತೊಟ್ಟು ಬಿಡಿಸುವ ಹದಿನೈದು ಜೊತೆ ಕೈ ಗೇಟು ದಾಟಿದರೆ ಆ ಕೈಗಳಿಗೆ ಎದುರಿನ ಗೋದಾಮಿನಲ್ಲಿ ಜಾಗ ಸಿದ್ಧವಿರುತ್ತದೆ. ಇದು ಬ್ಯಾಡಗಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರು ಕಂಪ್ರೆಸರ್ ಮನೆಯ ಬಾಗಿಲು ದಾಟುವ ಮುನ್ನವೇ ಮಾಲೀಕರು ಕೂಗಿದರು.

“ಏ ಚಾಚಾ! ಬಂದ್ ಮಾಡು ಅದನ್ನ. ಹುಬ್ಬಳ್ಳಿ ಮೆಕ್ಯಾನಿಕ್ಕಿಗೆ ಫೋನ್ ಹಚ್ಚು.”

ಮೂರು ದಿನ ಒಂದೇ ಕಂಪ್ರೆಸರ್ ದುಡಿಯಿತು. ಹೊಸ ಲಾರಿಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಸೀಲು ಬಿಚ್ಚಿದಾಗ ಮೆಕ್ಯಾನಿಕ್ ಅದನ್ನು ಬೆರಳಲ್ಲಿ ಒತ್ತಿ ತೋರಿಸಿದ, ಹಳೆಯ ಚಕ್ಕುಲಿಯ ಹಾಗೆ ಪುಡಿಯಾಯಿತು.

ಮೂಗ ಜನರೇಟರು ಶುದ್ಧ ಗಾಳಿಯಲ್ಲಿ ದಿನ ದಿನಕ್ಕೆ ಏರಿತು, ಆದರೆ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಮೇಡಂ ಬಂದ ದಿನ ಮತ್ತು ಅದರ ಮರುದಿನ, ಎರಡು ದಿನ ಕರಾರಿನ ಗೆರೆಯ ಕೆಳಗೆ ಇಳಿದದ್ದು ದಾಖಲೆಯಲ್ಲಿ ಉಳಿಯಿತು. ಮೇಡಂ ವರದಿ ಬರೆಯುವ ಮುನ್ನ ನನ್ನನ್ನು ಕೇಳಿದರು: “ಕಾರಣದ ಕಡೆ ಏನು ಬರೀಲಿ ಸರ್?” ಇದ್ದದ್ದನ್ನು ಬರೆಯಿರಿ ಎಂದೆ. ‘ಕೂರಿಸಿದವರು ಜಾಗದ ಗಾಳಿಯನ್ನು ಪರೀಕ್ಷಿಸಿರಲಿಲ್ಲ’ ಎಂದು ಬರೆದರು. ಟ್ರಯಲ್ ಲೆಕ್ಕಕ್ಕಿಲ್ಲ ಎಂದು ಕಂಪನಿಯ ಪತ್ರ ಬಂತು. ಮಾಲೀಕರ ಸಹಿ ಕೇಳಲು ಹೋದಾಗ, “ಅವತ್ತು ಹಾಕ್ತೇನಿ ಅಂದ್ರ ನೀವs ಬ್ಯಾಡ ಅಂದ್ರೆಲ್ಲ,” ಎಂದು ಎದ್ದು ಹೋದರು. ಏಜೆನ್ಸಿ ಇಂದಿಗೂ ನನ್ನದಾಗಿಲ್ಲ. ಮೇಡಂ ಹಟ ಹಿಡಿದದ್ದರಿಂದ ಇನ್ನೊಂದು ಅವಕಾಶ ಸಿಕ್ಕಿದೆ: ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ, ಮೊಳಕೆ ಪರೀಕ್ಷಿಸುವ ಕೋಣೆಗೆ, ಒಂದನೇ ದಿನದಿಂದ ಮತ್ತೆ ತೊಂಬತ್ತು.

ಹೊಸ ಜಾಗದಲ್ಲಿ ಪೆಟ್ಟಿಗೆ ಇಳಿಸುವ ಮೊದಲು ನಾನು ಬ್ಯಾಡಗಿಗೆ ಹೋದೆ, ಮಧ್ಯಾಹ್ನ ಎರಡಕ್ಕೆ. ಎರಡನೇ ಕಂಪ್ರೆಸರ್ ಓಡುತ್ತಿತ್ತು. ಚಪ್ಪರದ ಕೆಳಗೆ ಹೆಣ್ಣುಮಕ್ಕಳು ಕೂತಿದ್ದರು, ಮಾತು ನಡೆದಿತ್ತು. ಚಾಚಾ ತಮ್ಮದೇ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಷರಾದ ಕಾಲಮ್ಮಿನಲ್ಲಿ ‘ಘಾಟು ಇಲ್ಲ’ ಎಂದಿತ್ತು.

“ತಪ್ಪಾತು ಚಾಚಾ,” ಎಂದೆ. ಹೇಳಲು ಬೇರೆ ಮಾತು ಹುಡುಕಿಕೊಂಡು ಹೋಗಿದ್ದೆ, ಬಂದದ್ದು ಇಷ್ಟೇ.

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. “ಅವತ್ತು ನೀವು ನನ್ನ ಬಾಯಿ ವಾಸನಿ ನೋಡಿದ್ರಿ. ಅಲ್ಲೇ ಒಂದು ತಾಸು ನಿಂತು ಗಾಳಿ ವಾಸನಿ ನೋಡಿದ್ರ ಮುಗೀತಿತ್ತು.”

ನಾನು ತಲೆ ಆಡಿಸಿದೆ. “ಹೊಸಾ ಜಾಗ ಐತ್ರಿ, ರಾಣೇಬೆನ್ನೂರಾಗ. ಮಶಿನ್ ಎಲ್ಲಿ ಇಡಬೇಕು ಅಂತ ನೀವು ಬಂದು ಒಮ್ಮೆ ನೋಡಿ ಹೇಳಬೇಕು.”

ಅವರು ಮೀಸೆಯಡಿ ಸಣ್ಣಗೆ ನಕ್ಕರು.

“ಬರ್ತೇನ್ರಿ. ಆದ್ರ ಶುಕ್ರವಾರ ಬ್ಯಾಡ. ಸಾವ್ಕಾರ ಹೇಳ್ಯಾರ, ಶುಕ್ರವಾರ ನಾ ಎಲ್ಲಿರ್ತೇನಿ ಅಂಬೂದು ನಿಮ್ಮ ಕಾಗದದಾಗ ಐತೆಲ್ಲ.”